ಇಳಿದು ಹೋಗುವ ಮನೆ

ಮೂವತ್ತರ ದಶಕದಲ್ಲಿ ನಾನು ಶಾಲೆಗೆ ಸೇರಿದಾಗ ಹುಬ್ಬಳ್ಳಿಯ ನಮ್ಮ ಮನೆಗೆ ಮೂರು ಮೆಟ್ಟಿಲು ಹತ್ತಿ ಹೋಗಬೇಕಿತ್ತು. ಮ್ಯಾಟ್ರಿಕ್ ಮುಗಿಸುವ ಹೊತ್ತಿಗೆ ಒಂದು ಮೆಟ್ಟಿಲು ಇಳಿದು ಹೋಗಬೇಕಾಯಿತು. ಮನೆಯೇನೂ ಕುಸಿದಿರಲಿಲ್ಲ. ರಸ್ತೆ ಕೆಲಸದವರು ಪ್ರತಿ ಬೇಸಿಗೆಯಲ್ಲೂ ಹಳೆಯ ರಸ್ತೆಯನ್ನು ಅಗೆಯದೆ ಅದರ ಮೇಲೆಯೇ ಖಡಿ ಸುರಿದು, ಗರಸು ಮಣ್ಣು ಹರವಿ, ಎತ್ತುಗಳಿಂದ ಕಲ್ಲಿನ ರೋಲರ್ ಎಳೆಸಿ ಹೋಗುತ್ತಿದ್ದರು. ಅಗೆಯಲು ಮೈ ಬಗ್ಗಬೇಕು. ಸುರಿಯಲು ಏನು ಬೇಕು? ನೆನೆದರೆ ಈಗಲೂ ಮೈ ಉರಿಯುತ್ತದೆ.

ಆ ವರ್ಷ ಮೊದಲ ಮಳೆಗೇ ಓಣಿಯ ರಾಡಿ ನೀರೆಲ್ಲ ನಮ್ಮ ಪಡಸಾಲೆಗೆ ನುಗ್ಗಿತು. ಅಜ್ಜಿ ಬೆಳಿಗ್ಗೆ ಅರಿಷಿಣ ಕುಂಕುಮ ಹಚ್ಚಿದ್ದ ಹೊಸ್ತಿಲು ಕಾಣದಂತೆ ಮುಳುಗಿತು. ಮರುದಿನ ರಸ್ತೆಯ ಓವರ್ಸಿಯರ್ ಕೊಡೆ ಹಿಡಿದುಕೊಂಡು ನೋಡಲು ಬಂದರು.

"ನಿಮ್ಮ ಮನಿ ಭಾಳ ತಗ್ಗಿನ್ಯಾಗ ಅದರಿ. ಎತ್ತರಿಸಿ ಕಟ್ಟಿಸ್ಕೋರಿ," ಅಂದರು.

ಅಜ್ಜಿ ಸೆರಗು ಬಿಗಿದು ಎದುರು ನಿಂತಳು. "ನಮ್ಮ ಹೊಸ್ತಿಲಾ ಇದ್ದಲ್ಲೇ ಅದರಿ. ಏರಿದ್ದು ನಿಮ್ಮ ರಸ್ತಾ. ಅದನ್ನ ಇಳಸ್ರಿ!"

ಅವರು ತಲೆಯಾಡಿಸಿ ಹೋದರು. ನಾವು ಬಾಗಿಲ ಮುಂದೆ ಮಣ್ಣಿನ ಒಡ್ಡು ಹಾಕಿಕೊಂಡೆವು. ಎಂಟು ದಿನ ಬಿಟ್ಟು ನಾಲ್ಕು ಆಳುಗಳು ಗುದ್ದಲಿ, ಸಲಿಕೆ ಹೊತ್ತು ಬಂದರು. ರಸ್ತೆ ಇಳಿಸಲಿಕ್ಕೇ ಬಂದಿದ್ದಾರೆಂದು ಅಜ್ಜಿ ಖುಷಿಯಿಂದ ಅವರಿಗೆ ಚಹಾ ಮಾಡಿಸಿದಳು. ಅವರು ಚಹಾ ಕುಡಿದರು, ನಮ್ಮ ಒಡ್ಡು ರಸ್ತೆಗೆ ಅಡ್ಡವಾಗಿದೆಯೆಂದು ಹೇಳಿ ಅದನ್ನು ಅಗೆದು ಹಾಕಿ ಹೋದರು.

ಅಷ್ಟೂ ವರ್ಷಗಳಲ್ಲಿ ಅವರು ನಮ್ಮ ಓಣಿಯಲ್ಲಿ ಅಗೆದದ್ದು ಅದೊಂದೇ.