ಕೆರೆಗೆ ಬಿಡಲು ಹೋದ ಮೀನು

ಯಳಂದೂರಿನ ಕೆರೆ ದಡದಲ್ಲಿ ನಾನು ಬಕೆಟ್ ಬಗ್ಗಿಸುವಷ್ಟರಲ್ಲಿ, ಬಲೆ ತೊಳೆಯುತ್ತಿದ್ದ ಅಜ್ಜಿಯೊಬ್ಬರು ಓಡಿಬಂದು ನನ್ನ ಕೈ ಹಿಡಿದುಬಿಟ್ಟರು. ಬಕೆಟ್ಟಿನಲ್ಲಿದ್ದದ್ದು ಕೊಳ್ಳೇಗಾಲದ ನಮ್ಮ ಮನೆಯ ಅಕ್ವೇರಿಯಂನ ಆಫ್ರಿಕನ್ ಪರ್ಚ್. ಬೆರಳುದ್ದ ಇದ್ದಾಗ ತಂದ ಮೀನು ಜೊತೆಯವನ್ನೆಲ್ಲ ನುಂಗಿ ಗೇಣುದ್ದ ಬೆಳೆದಿತ್ತು. ಕೊಲ್ಲಲು ಮನಸ್ಸಾಗದೆ, ಕೆರೆಗೆ ಬಿಟ್ಟರೆ ಪುಣ್ಯ ಎಂದುಕೊಂಡು ಬಂದಿದ್ದೆ.

ಅಜ್ಜಿ ಅದರ ಬಾಯಿ ಅಗಲಿಸಿ ನೋಡಿದರು. "ಕಣ್ಣಿಂದ ಆಚೆಗಂಟ ಬಾಯಿ ಅದ ಕಣವ್ವ! ಮೊನ್ನೆ ತಾನೆ ಕೆರೆಗೆ ಮೀನ್ ಮರಿ ಬುಟ್ಟಿವಿ, ಒಂದ್ನೂ ಉಳಿಸಲ್ಲ ಇದು. ನಮ್ ಇತ್ಲ ನೀರ್ ತೊಟ್ಟೀಲಿ ಇರ್ಲಿ, ನಾನೇ ಸಾಕ್ತೀನಿ."

ಬೈಯಲಿಲ್ಲ, ಕಾರಣವನ್ನೂ ಕೇಳಲಿಲ್ಲ. ಬಕೆಟ್ ಎತ್ತಿಕೊಂಡು ಹೊರಟೇಬಿಟ್ಟರು.

ಆ ಒದ್ದೆ ಕೈ ಒಂದು ಗಳಿಗೆ ತಡವಾಗಿದ್ದರೆ, ಇವತ್ತು ಕೆರೆ ಪಕ್ಕ ಹಾದುಹೋಗುವ ಬಸ್ಸಿನಲ್ಲಿ ಕಿಟಕಿ ಕಡೆ ಕೂರಲು ನನಗೆ ಮುಖವಿರುತ್ತಿರಲಿಲ್ಲ.