ಹೆಂಡತಿಯೇ ಕಫೀಲ್

ಇಲ್ಯಾಸ್ ಸೌದಿಯ ಅಲ್ ಖರ್ಜ್‌ಗೆ ಹೋದದ್ದು ಕೆಲಸಕ್ಕಲ್ಲ, ಸಂಸಾರಕ್ಕೆ. ಉಪ್ಪಿನಂಗಡಿಯ ಗಂಡಸರು ಮೊದಲು ಕೆಲಸ ಹಿಡಿದು ಗಲ್ಫಿಗೆ ಹೋಗುವುದು, ಕೂಡಿಬಂದರೆ ಆಮೇಲೆ ಹೆಂಡತಿಯನ್ನು ಕರೆಸಿಕೊಳ್ಳುವುದು ವಾಡಿಕೆ. ಇವನ ವಿಷಯದಲ್ಲಿ ಎಲ್ಲ ಅದಲು ಬದಲು. ಹೆಂಡತಿ ಜುವೈರಿಯಾ ಅಲ್ಲಿನ ಸರಕಾರಿ ಆಸ್ಪತ್ರೆಯ ಡಯಾಲಿಸಿಸ್ ವಿಭಾಗದಲ್ಲಿ ನರ್ಸು, ಮದುವೆಗೆ ಮೊದಲೇ ಹಲವು ವರ್ಷ ಅಲ್ಲಿ ದುಡಿದವಳು. ಅವಳ ರಜೆಯಲ್ಲಿ ನಿಕಾಹ್ ಆಯಿತು. ರಜೆ ಮುಗಿಯಿತು, ಅವಳು ವಿಮಾನ ಹತ್ತಿದಳು. ಮರುವರ್ಷ, ೨೦೧೨ರಲ್ಲಿ, ಅವಳು ಕಳಿಸಿದ ವಿಸಿಟ್ ವೀಸಾದಲ್ಲಿ ಇಲ್ಯಾಸ್ ಹೊರಟ.

ಹೊರಡುವ ಮೊದಲು ಮಸೀದಿಯ ಎದುರು ಯಾರೋ ಕೇಳಿದರು. "ನಿನ್ನ ಕಫೀಲ್ ಯಾರು ಮಾರಾಯ?"

ಕಫೀಲ್ ಅಂದರೆ ಆ ದೇಶದಲ್ಲಿ ನಮ್ಮ ಹೊಣೆ ಹೊತ್ತವನು, ಯಾರ ಹೆಸರಿನ ಮೇಲೆ ನಾವು ಅಲ್ಲಿರುತ್ತೇವೋ ಅವನು. ಸಾಮಾನ್ಯವಾಗಿ ಅರಬಿ ಧಣಿ.

"ನನ್ನ ಹೆಂಡತಿಯೇ ಕಫೀಲ್" ಎಂದ ಇಲ್ಯಾಸ್.

ಅಲ್ಲಿದ್ದವರೆಲ್ಲ ನಕ್ಕರು. ಅವನೂ ನಕ್ಕ. ಆ ನಗು ಅವನ ಬೆನ್ನಿಗೆ ಬಿದ್ದು ಬರುತ್ತದೆಂದು ಆಗ ಅನ್ನಿಸಿರಲಿಲ್ಲ.

ಅವನು ಏಸಿ ಮೆಕ್ಯಾನಿಕ್. ಮಂಗಳೂರಿನ ಬಂದರಿನಲ್ಲಿ ಕಲಿತು ಪುತ್ತೂರಿನಲ್ಲಿ ಕೈ ಪಳಗಿಸಿಕೊಂಡಿದ್ದ. ಮಾತು ಕಡಿಮೆ, ಕೆಲಸ ಹಿಡಿದರೆ ಊಟ ಮರೆಯುವವನು. ಮೂವತ್ತನಾಲ್ಕು ದಾಟಿದ ಮೇಲೆ ಮದುವೆಯಾದ್ದರಿಂದ ಹೆಂಡತಿಯ ಜೊತೆ ಇರಬೇಕೆಂಬ ಆಸೆ ದೊಡ್ಡದಾಗಿತ್ತು. ಹೋಗಿ ಕೆಲವು ತಿಂಗಳಲ್ಲಿ ಇಕಾಮಾ, ಅಂದರೆ ಅಲ್ಲಿ ವಾಸಿಸುವ ಪರವಾನಗಿ, ಸಿಗುತ್ತದೆ, ಅದು ಸಿಕ್ಕಿದರೆ ಅಲ್ಲಿ ನೆಲೆಸಿದ ಹಾಗೆ, ಮುಂದಿನದು ಮುಂದೆ ಎಂದು ಇಬ್ಬರೂ ಎಣಿಸಿದ್ದರು.

ಇಕಾಮಾಕ್ಕೆ ಮದುವೆಯ ಸರ್ಟಿಫಿಕೇಟು ಬೇಕು. ಮಸೀದಿಯ ಜಮಾಅತ್ ಕೊಟ್ಟ ಪತ್ರದಲ್ಲಿ ಅವನ ಹೆಸರು ಬರೀ ಇಲ್ಯಾಸ್, ಪಾಸ್‌ಪೋರ್ಟಿನಲ್ಲಿ ಮುಹಮ್ಮದ್ ಇಲ್ಯಾಸ್. ಆಸ್ಪತ್ರೆಯ ಕಚೇರಿಯವರು ಒಂದೇ ನೋಟಕ್ಕೆ ಅದನ್ನು ವಾಪಸು ಕೊಟ್ಟರು. ಊರಿನಲ್ಲಿ ಹೆಸರು ತಿದ್ದಿಸಬೇಕು, ಬೆಂಗಳೂರಿನಲ್ಲಿ ಮೊಹರು, ದೆಹಲಿಯಲ್ಲಿ ಮತ್ತೊಂದು ಮೊಹರು, ಸೌದಿ ರಾಯಭಾರ ಕಚೇರಿಯದು ಕೊನೆಗೆ. ಅಕ್ಕನ ಗಂಡ ಅಬ್ದುಲ್ ಜಲೀಲ್ ಪಾಪ ತನ್ನ ದಿನಸಿ ಅಂಗಡಿ ಬಿಟ್ಟು ಓಡಾಡಿದ. ಒಂದು ಕಡೆ ಸಾಹೇಬರು ರಜೆ, ಇನ್ನೊಂದು ಕಡೆ ಕಾಗದವೇ ಕಾಣೆ. ಇತ್ತ ಜುವೈರಿಯಾ ಗಂಡನ ವಿಸಿಟ್ ವೀಸಾ ಮುಗಿಯುವ ಮೊದಲು ಮತ್ತೆ ಮತ್ತೆ ಮುಂದುವರಿಸಿಕೊಳ್ಳುತ್ತ ಬಂದಳು.

ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಅವರದು ಎರಡು ಕೋಣೆಯ ಮನೆ. ಬೆಳಿಗ್ಗೆ ಅವಳನ್ನು ಡ್ಯೂಟಿಗೆ ಕಳಿಸಿ ಇಲ್ಯಾಸ್ ಪಾತ್ರೆ ತೊಳೆಯುತ್ತಿದ್ದ, ಬಟ್ಟೆ ಒಗೆಯುತ್ತಿದ್ದ, ಮೀನು ತಂದು ಸಾರು ಮಾಡುತ್ತಿದ್ದ. ಅಕ್ಕಿಹಿಟ್ಟಿನ ಪತ್ತಿರ್ ತಟ್ಟುವುದನ್ನೂ ಕಲಿತ. ಅದರಲ್ಲಿ ಅವನಿಗೆ ಅವಮಾನವೇನೂ ಇರಲಿಲ್ಲ. ಆದರೆ ಎಲ್ಲ ಮುಗಿದಾಗ ಹೊತ್ತು ಇನ್ನೂ ಹತ್ತು ಗಂಟೆ. ಹೊರಗೆ ಹೋದರೆ ಬಿಸಿಲು, ಒಳಗೆ ಕೂತರೆ ಗೋಡೆ. ಸಂಜೆ ಅವಳು ಸೊಂಟ ಹಿಡಿದುಕೊಂಡು ಬರುತ್ತಿದ್ದಳು. ಯಂತ್ರಕ್ಕೆ ರಕ್ತ ಕೊಟ್ಟು ಮಲಗಿದವರ ನಡುವೆ ದಿನವಿಡೀ ನಿಂತವಳು, ಉಂಡು ಮಲಗಿದರೆ ಅಲ್ಲೇ ನಿದ್ದೆ. ಅವನಿಗೆ ನಿದ್ದೆ ಹತ್ತುತ್ತಿರಲಿಲ್ಲ.

"ನಿನಗೆ ಗೊತ್ತುಂಟಾ, ಕೂತು ಕೂತು ಆಗುವ ಆಯಾಸ ಎಂತದ್ದು ಅಂತ?" ಎಂದು ಒಮ್ಮೆ ಕೇಳಿದ. "ಕೆಲಸ ಮಾಡಿ ಆದರೆ ಮಲಗಿದಾಗ ಹೋಗ್ತದೆ. ಇದು ಎದ್ದಾಗಲೂ ಇರ್ತದೆ."

"ಸ್ವಲ್ಪ ತಡೀರಿ. ಇಕಾಮಾ ಬರಲಿ."

"ಬಂದರೆ? ಅದರಲ್ಲಿಯೂ ಬರೆದಿರ್ತಾರಲ್ಲ, ಕೆಲಸ ಮಾಡಬಾರದು ಅಂತ."

ಅದು ನಿಜವೇ ಆಗಿತ್ತು. ಇಕಾಮಾ ಬಂದ ಮೇಲೆ ಯಾವುದಾದರೂ ಕಂಪನಿಯ ಹೆಸರಿಗೆ ಬದಲಾಯಿಸಿಕೊಳ್ಳಬಹುದು ಎಂದು ಯಾರೋ ಹೇಳಿದ ಮಾತನ್ನು ನಂಬಿ ಅವರು ದಿನ ತಳ್ಳುತ್ತಿದ್ದರು.

ಕೆಳಗಿನ ಮನೆಯ ಸುಡಾನಿ ಮೇಷ್ಟ್ರ ಏಸಿ ಕೆಟ್ಟದ್ದೇ ಎಲ್ಲಕ್ಕೂ ಕಾರಣವಾಯಿತು. ಇಲ್ಯಾಸ್ ಸುಮ್ಮನೆ ಬಿಚ್ಚಿ ನೋಡಿದ, ಸರಿ ಮಾಡಿದ. ಮೇಷ್ಟ್ರು ಅದನ್ನು ಹತ್ತು ಜನರಿಗೆ ಹೇಳಿದರು. ಸುದ್ದಿ ಹಳೇ ಮಾರುಕಟ್ಟೆಯಲ್ಲಿ ಏಸಿ ರಿಪೇರಿ ಅಂಗಡಿ ನಡೆಸುತ್ತಿದ್ದ ಬಂಟ್ವಾಳದ ಶಂಸುದ್ದೀನ್ ಕಾಕನ ಕಿವಿಗೆ ಬಿತ್ತು. ಅಂಗಡಿ ಒಬ್ಬ ಸೌದಿಯ ಹೆಸರಿನಲ್ಲಿತ್ತು, ನಡೆಸುವುದು ಮಾತ್ರ ಕಾಕ. ಒಂದು ಶುಕ್ರವಾರ ಖರ್ಜೂರದ ಡಬ್ಬಿ ಹಿಡಿದು ಅವರು ಮನೆಗೇ ಬಂದರು.

"ಊರಿನ ಹುಡುಗ, ಕೈಯಲ್ಲಿ ಬರ್ಕತ್ ಉಂಟು. ಮನೆಯಲ್ಲಿ ಕೂತು ಎಂತ ಮಾಡುವುದು ನೀನು? ನನಗೆ ಜನ ಸಿಗುದಿಲ್ಲ."

ಒಳಗಿನಿಂದ ಜುವೈರಿಯಾ ಹೊರಬಂದಳು. "ಬೇಡ ಕಾಕ. ಇವರು ವಿಸಿಟಿನಲ್ಲಿ ಇರುವುದು. ಸಿಕ್ಕಿಬಿದ್ದರೆ ಇವರನ್ನು ಕಳಿಸ್ತಾರೆ, ಮತ್ತೆ ಬರುವ ಹಾಗೆಯೇ ಇಲ್ಲ. ಕರೆಸಿದ್ದು ನಾನು, ನನ್ನ ಕೆಲಸವೂ ಹೋಗ್ತದೆ."

"ಇಲ್ಲಿ ಎಷ್ಟು ಜನ ಹಾಗೆ ಮಾಡುದಿಲ್ಲ ಮಗಳೇ?"

"ಮಾಡಲಿ. ನಮಗೆ ಬೇಡ."

ಕಾಕ ಚಹಾ ಕುಡಿದು ಹೋದರು. ಮರುವಾರ ಇಲ್ಯಾಸ್ ಅಂಗಡಿಗೆ ಹೋದ. ಸುಮ್ಮನೆ ಮಾತಾಡಿ ಬರಲು ಎಂದು ತನಗೆ ತಾನೇ ಹೇಳಿಕೊಂಡ. ಹೋದವನ ಕೈಗೆ ಸ್ಪ್ಯಾನರು ಬಂತು. ಆಮೇಲೆ ಬೆಳಿಗ್ಗೆ ಅವಳು ಹೋದ ಕೂಡಲೇ ಇವನೂ ಹೊರಡುವುದು, ಅವಳು ಬರುವ ಮೊದಲು ಮನೆ ಸೇರುವುದು ರೂಢಿಯಾಯಿತು. ಅವಳಿಗೆ ತಿಳಿಯಲು ಹೆಚ್ಚು ದಿನ ಹಿಡಿಯಲಿಲ್ಲ. ಅಂಗಿಯಲ್ಲಿ ಕಂಪ್ರೆಸರ್ ಎಣ್ಣೆಯ ವಾಸನೆ. ಅದಕ್ಕಿಂತ ಹೆಚ್ಚಾಗಿ, ಗಂಡ ರಾತ್ರಿ ಗೊರಕೆ ಹೊಡೆಯುತ್ತಿದ್ದ.

"ನೀವು ಹೋಗ್ತಾ ಇದ್ದೀರಿ."

"ಹೌದು."

"ನಾನು ಎಷ್ಟು ಸಲ ಹೇಳುವುದು?"

"ಬಯ್ಯುವುದಾದರೆ ಬಯ್ದುಬಿಡು ಜುವ್ವು. ಆದರೆ ನಾನು ಕೂತು ಸಾಯ್ತೇನೆ ಇಲ್ಲಿ."

ಬಯ್ಯಲು ಅವಳಲ್ಲಿ ತ್ರಾಣವಿರಲಿಲ್ಲ. ತಟ್ಟೆ ತೊಳೆದಿಟ್ಟು ಮಲಗಿದಳು. ಅಂದಿನಿಂದ ಡ್ಯೂಟಿಯಲ್ಲಿ ಫೋನು ಅಲುಗಿದಾಗಲೆಲ್ಲ ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಮೊದಲು ಯಾರ ನಂಬರೆಂದು ನೋಡುತ್ತಿದ್ದಳು.

೨೦೧೩ರ ವಸಂತದಲ್ಲಿ ತಪಾಸಣೆ ಬಿಗಿಯಾಯಿತು. ಒಬ್ಬನ ಹೆಸರಿನಲ್ಲಿ ಬಂದು ಇನ್ನೊಬ್ಬನ ಬಳಿ ದುಡಿಯುವವರು, ಅನುಮತಿಯಿಲ್ಲದೆ ದುಡಿಯುವವರು, ಎಲ್ಲರನ್ನೂ ಹಿಡಿಯುತ್ತಾರೆಂಬ ಸುದ್ದಿ. ಮಾರುಕಟ್ಟೆಯಲ್ಲಿ ಹಾಡಹಗಲೇ ಶಟರುಗಳು ಇಳಿದವು. ಹಿಡಿದವರನ್ನು ತರ್ಹೀಲ್‌ಗೆ, ಊರಿಗೆ ಅಟ್ಟುವ ಮೊದಲು ಕೂಡಿಹಾಕುವ ಜಾಗಕ್ಕೆ, ಒಯ್ಯುತ್ತಿದ್ದರು. ಶಂಸುದ್ದೀನ್ ಕಾಕನೂ ಅಂಗಡಿಯ ಬಾಗಿಲು ಅರ್ಧ ಎಳೆದು ಕೂತರು.

"ಪೇಟೆಯಲ್ಲಿ ಬೇಡ ಇನ್ನು. ತೋಟಗಳ ಕಡೆ ಕೆಲಸ ಉಂಟು, ಅಲ್ಲಿಗೆ ಯಾರು ಬರ್ತಾರೆ?" ಎಂದರು.

ಇಲ್ಯಾಸ್ ಎರಡು ವಾರ ಹೋಗದೆ ಮನೆಯಲ್ಲೇ ಇದ್ದ. ಆಮೇಲೆ ಹೋದ.

ಊರಾಚೆ ಒಂದು ಕೋಳಿ ಫಾರಮ್ಮು. ಅಲ್ಲಿನ ಕೆಲಸದವರ ಕೋಣೆಗಳ ತಾರಸಿಯಿಂದ ಹಳೆಯ ಏಸಿಯ ಹೊರಗಿನ ಪೆಟ್ಟಿಗೆಯನ್ನು ಇಳಿಸಬೇಕಿತ್ತು. ಮಧ್ಯಾಹ್ನದ ಬಿಸಿಲು. ಕಾಕ ಕೆಳಗೆ ನಿಂತು ಹಗ್ಗ ಹಿಡಿದಿದ್ದರು, ಇಲ್ಯಾಸ್ ಮೇಲೆ ಅಂಚಿನಲ್ಲಿ ಬಗ್ಗಿ ಪೆಟ್ಟಿಗೆಯನ್ನು ಸರಿಸುತ್ತಿದ್ದ. ಹಗ್ಗ ಜಾರಿತು. ಪೆಟ್ಟಿಗೆ ವಾಲಿ, ಅವನ ಎಡಗೈಯನ್ನು ತಾರಸಿಯ ಅಂಚಿಗೆ ಸೇರಿಸಿ ಅರೆಯಿತು. ಅವನು ಕೂಗಲಿಲ್ಲ. ಕೂಗಿದ್ದು ಕಾಕ.

ಕಾರಿನಲ್ಲಿ ಟವೆಲ್ಲು ಸುತ್ತಿದ ಕೈಯನ್ನು ಎದೆಗೆ ಒತ್ತಿಕೊಂಡು ಕೂತವನನ್ನು ನೋಡಲಾರದೆ ಕಾಕ ರಸ್ತೆಯನ್ನೇ ನೋಡುತ್ತ ಗಾಡಿ ಓಡಿಸಿದರು. ಆಸ್ಪತ್ರೆಯ ಗೇಟು ಕಂಡಾಗ ಗಾಡಿ ನಿಧಾನವಾಯಿತು.

"ಒಳಗೆ ಪೊಲೀಸು ಕೂತಿರ್ತಾನೆ. ಗಾಯ ಅಂದರೆ ಅವನು ಕೇಳ್ತಾನೆ, ಎಲ್ಲಿ ಆಯ್ತು, ಯಾರ ಕೆಲಸ ಅಂತ. ನಾನೇ ಬೇರೆಯವನ ಹೆಸರಿನಲ್ಲಿ ಬದುಕುವವನು..." ಎಂದರು ಕಾಕ.

"ಮನೆಗೇ ಬಿಡಿ ಕಾಕ" ಎಂದ ಇಲ್ಯಾಸ್.

ಹೆಂಡತಿ ಆ ಹೊತ್ತಿಗೆ ಅದೇ ಆಸ್ಪತ್ರೆಯ ಎರಡನೆಯ ಮಹಡಿಯಲ್ಲಿದ್ದಳು. ಅವನು ಅವಳಿಗೆ ಫೋನು ಮಾಡಲಿಲ್ಲ. ಮನೆಗೆ ಬಂದು ಬಚ್ಚಲಿನ ನೆಲದಲ್ಲಿ ಕೂತು, ಬಕೆಟಿನ ನೀರಿನಲ್ಲಿ ಟವೆಲ್ಲು ಸುತ್ತಿದ ಕೈ ಇಟ್ಟು ಅವಳು ಬರುವುದನ್ನು ಕಾದ.

ಸಂಜೆ ಬಾಗಿಲು ತೆಗೆದವಳು ಟವೆಲ್ಲು ಬಿಡಿಸಿ ನೋಡಿದಳು. ಮುಖದಲ್ಲಿ ಏನೂ ಕಾಣಲಿಲ್ಲ. ಡ್ಯೂಟಿಯಲ್ಲಿರುವವಳ ಮುಖ ಅದು.

"ಯಾವಾಗ ಆದದ್ದು?"

"ಮಧ್ಯಾಹ್ನ."

"ಮಧ್ಯಾಹ್ನದಿಂದ ಹೀಗೆ ಕೂತದ್ದಾ?" ಈಗ ಅವಳು ಅತ್ತಳು. "ನಾನು ಅಲ್ಲಿಯೇ ಇದ್ದೆನಲ್ಲ. ಕೂಗಿದರೆ ಕೇಳುವ ದೂರದಲ್ಲಿ ಇದ್ದೆನಲ್ಲ."

ತಡವಾಗಿದೆ, ಆದರೂ ಹೋಗಲೇಬೇಕು ಎಂದು ಅವಳಿಗೆ ಗೊತ್ತಿತ್ತು. ಬುರ್ಖಾ ಬಿಚ್ಚದೆ ಹಾಗೇ ಅವನನ್ನು ಹೊರಡಿಸಿದಳು. ಮೆಟ್ಟಿಲು ಇಳಿಯುವಾಗ ಅವನೆಂದ, "ಬಾಗಿಲಿಗೆ ಸಿಕ್ಕಿತು ಅಂತ ಹೇಳುವ."

"ಇದು ಬಾಗಿಲಿನ ಗಾಯ ಅಲ್ಲ. ಎಣ್ಣೆ ಉಂಟು, ತುಕ್ಕು ಉಂಟು. ನೀವು ಬಾಯಿ ಮುಚ್ಚಿ ಇರಿ. ನಾನು ಮಾತಾಡ್ತೇನೆ."

ತುರ್ತು ವಿಭಾಗದಲ್ಲಿ ಮೇಜಿನ ಹಿಂದೆ ಕೂತ ಪೊಲೀಸು ಶಿಫ್ಟು ಮುಗಿಯುವ ಹೊತ್ತಿನಲ್ಲಿದ್ದ. ಕೈ ನೋಡಿದ, ಪಾಸ್‌ಪೋರ್ಟು ನೋಡಿದ, ವೀಸಾದ ಪುಟದಲ್ಲಿ ಬೆರಳಿಟ್ಟ.

"ಇವನು ಎಲ್ಲಿ ಕೆಲಸ ಮಾಡುತ್ತಾನೆ?"

"ಕೆಲಸ ಮಾಡುವುದಿಲ್ಲ" ಎಂದಳು ಜುವೈರಿಯಾ ಅರಬಿಯಲ್ಲಿ. "ನನ್ನ ಗಂಡ. ನಮ್ಮ ಮನೆಯ ಏಸಿ ಕೆಟ್ಟಿತ್ತು. ಸರಿ ಮಾಡಿ ಎಂದು ನಾನೇ ಹೇಳಿದೆ. ಇಳಿಸುವಾಗ ಬಿತ್ತು."

"ಒಬ್ಬನೇ ಇಳಿಸಿದನೇ?"

"ನಾನು ಡ್ಯೂಟಿಯಲ್ಲಿದ್ದೆ."

ಪೊಲೀಸು ನಂಬಿದನೋ, ನಂಬಿದರೆ ಸುಲಭ ಎಂದುಕೊಂಡನೋ, ಬರೆದುಕೊಂಡು ಒಳಗೆ ಕಳಿಸಿದ. ಸುಳ್ಳು ಅಷ್ಟು ಸರಾಗವಾಗಿ ಬಂತಲ್ಲ ಎಂದು ಆಮೇಲೆ ಅವಳಿಗೇ ಅನ್ನಿಸಿತು. ಒಳಗೆ ಈಜಿಪ್ಟಿನ ವೈದ್ಯರು ನಡುಬೆರಳಿನ ತುದಿಯನ್ನು ತೆಗೆದರು. ತೋರುಬೆರಳು ಉಳಿಯಿತು, ಆದರೆ ಇನ್ನು ಮಡಚಲಾಗದು ಎಂದರು. ಬೇಗ ಬಂದಿದ್ದರೆ ನಡುಬೆರಳನ್ನೂ ಉಳಿಸಬಹುದಿತ್ತೇನೋ ಎಂದೂ ಹೇಳಿದರು. ಅದನ್ನು ಅವಳು ಗಂಡನಿಗೆ ಕನ್ನಡದಲ್ಲಾಗಲಿ ಮನೆಮಾತಾದ ಬ್ಯಾರಿಯಲ್ಲಾಗಲಿ ಹೇಳಲಿಲ್ಲ.

ಆಸ್ಪತ್ರೆಯಲ್ಲಿ ಮಾತು ನಿಲ್ಲುವುದಿಲ್ಲ. ಯಾರೋ ಯಾರಿಗೋ ಹೇಳಿ, ನರ್ಸುಗಳ ಮುಖ್ಯಸ್ಥೆ ಅವಳನ್ನು ಕರೆಸಿದರು. ಬೈಗುಳವಿಲ್ಲ, ಕೂಗಾಟವಿಲ್ಲ. "ನಿನ್ನ ಗಂಡ ಮಾರುಕಟ್ಟೆಯಲ್ಲಿ ಕೆಲಸ ಮಾಡುತ್ತಾನೆಂದು ಕೇಳಿದೆ. ನಾನು ಕೇಳಿಲ್ಲವೆಂದೇ ಇರುತ್ತೇನೆ. ಇನ್ನೊಮ್ಮೆ ಕೇಳಿದರೆ ಹಾಗಿರಲಾರೆ" ಎಂದಷ್ಟೇ ಹೇಳಿದರು. ಅದು ದಯೆಯೆಂದು ಅವಳಿಗೆ ಗೊತ್ತಿತ್ತು. ಆದರೂ ಅಂದಿನಿಂದ ಆ ಕಚೇರಿಯ ಎದುರು ನಡೆಯುವಾಗ ತಲೆ ಎತ್ತಲಾಗಲಿಲ್ಲ.

ಶಂಸುದ್ದೀನ್ ಕಾಕ ಒಂದು ಸಂಜೆ ಕಿತ್ತಳೆ ಹಿಡಿದು ಬಂದರು. ಬಾಗಿಲಲ್ಲೇ ನಿಂತು ಕೈ ನೋಡಿ ತಲೆ ತಗ್ಗಿಸಿದರು. ದಂಡವಿಲ್ಲದೆ ಹೋಗಲು ಸರಕಾರ ಗಡುವು ಕೊಟ್ಟಿತ್ತು, ಅದರಲ್ಲೇ ಊರಿಗೆ ಹೊರಟಿದ್ದರು. ಇಲ್ಯಾಸ್ ಅವರ ಮೇಲೆ ಸಿಟ್ಟಾಗಲಿಲ್ಲ. "ಹಗ್ಗ ಜಾರಿದ್ದಕ್ಕೆ ನೀವು ಎಂತ ಮಾಡ್ತೀರಿ" ಎಂದ.

ಅದೇ ಬೇಸಿಗೆಯಲ್ಲಿ ಎಲ್ಲ ಮೊಹರುಗಳೂ ಬಿದ್ದ ಸರ್ಟಿಫಿಕೇಟು ಬಂತು. ಅದರ ಹಿಂದೆಯೇ ಇಕಾಮಾ. ಜುವೈರಿಯಾ ಅದನ್ನು ಕಚೇರಿಯಿಂದ ತಂದು ಗಂಡನ ಮುಂದಿಟ್ಟಳು. ಫೋಟೋದಲ್ಲಿ ಅವನು ನಗುತ್ತಿರಲಿಲ್ಲ. ಕೆಲಸಕ್ಕೆ ಅನುಮತಿಯಿಲ್ಲ ಎಂಬ ಸಾಲು ಎಣಿಸಿದ್ದಂತೆಯೇ ಇತ್ತು. ಕಂಪನಿಯ ಹೆಸರಿಗೆ ಬದಲಾಯಿಸಿಕೊಳ್ಳಲು ಗಡುವಿನೊಳಗೆ ದಾರಿ ಇದೆಯೆಂದು ಕೇಳಿ ಒಂದು ಮೇಂಟೆನೆನ್ಸ್ ಕಂಪನಿಗೆ ಹೋಗಿ ಬಂದ. ಅಲ್ಲಿನ ಮೇಸ್ತ್ರಿ ಕಾಗದ ನೋಡುವ ಮೊದಲು ಎಡಗೈ ನೋಡಿದ. ಆಮೇಲೆ ಕಾಗದ ನೋಡಲೇ ಇಲ್ಲ.

ಆ ವಾರ ಊಟಕ್ಕೆ ಕೂತಾಗ ಇಲ್ಯಾಸ್ ಹೇಳಿದ. "ನಾನು ಊರಿಗೆ ಹೋಗ್ತೇನೆ."

"ಇಷ್ಟು ಕಾದು, ಈಗ ಇಕಾಮಾ ಬಂದ ಮೇಲೆ?"

"ನಾನು ಇಲ್ಲಿದ್ದರೆ ಮತ್ತೆ ಕೆಲಸಕ್ಕೆ ಹೋಗ್ತೇನೆ ಜುವ್ವು. ಒಂದು ಕೈಯಲ್ಲಿಯಾದರೂ ಹೋಗ್ತೇನೆ. ನನಗೆ ನನ್ನ ಮೇಲೆ ನಂಬಿಕೆ ಇಲ್ಲ. ಮುಂದಿನ ಸಲ ಸಿಕ್ಕಿಬೀಳುವುದು ನೀನು."

ಅವಳಿಗೆ ಬೇಡ ಎನ್ನಬೇಕೆಂದಿತ್ತು. ಆದರೆ ಪ್ರತಿದಿನ ಬಾಗಿಲು ತೆಗೆಯುವಾಗ ಒಳಗೆ ಅವನಿರುತ್ತಾನೋ ಇಲ್ಲವೋ ಎಂಬ ಆ ಭಯದಲ್ಲಿ ಮತ್ತೆ ಬದುಕುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

ಶಾಶ್ವತವಾಗಿ ದೇಶ ಬಿಡಲು ಕಫೀಲ್‌ನ ಒಪ್ಪಿಗೆ ಬೇಕು. ಆಸ್ಪತ್ರೆಯ ಕಚೇರಿಯಲ್ಲಿ ಗುಮಾಸ್ತ ಕಾಗದ ಮುಂದೆ ಸರಿಸಿ, ಯಾಕೆ ಕಳಿಸುತ್ತಿದ್ದೀ, ಜಗಳವೇ ಎಂದು ಕೇಳಿದ. ಜಗಳವಿಲ್ಲ ಎಂದು ಹೇಳಿ ಜುವೈರಿಯಾ ಸಹಿ ಹಾಕಿದಳು. ಹೊರಬಂದು ಕಾರಿಡಾರಿನ ಬೆಂಚಿನಲ್ಲಿ ಕೂತವಳಿಗೆ ಏಳಬೇಕೆನಿಸಲಿಲ್ಲ. ರೋಗಿಗಳು ಕಾಯುತ್ತಿದ್ದಾರೆಂದು ಯಾರೋ ಬಂದು ಕರೆದರು.

ರಿಯಾದಿನ ವಿಮಾನ ನಿಲ್ದಾಣದಲ್ಲಿ, "ಬೆರಳಿಗೆ ದಿನಾ ಎಣ್ಣೆ ಹಾಕಿ ಮಡಚಲು ನೋಡಿ" ಎಂದಳು ಅವಳು. "ನೀನು ನಿಂತು ಉಣ್ಣಬೇಡ" ಎಂದ ಅವನು.

ಅವಳು ಕರಾರು ಮುಗಿಯುವವರೆಗೆ ಅಲ್ಲಿಯೇ ದುಡಿದು, ಮರುವರ್ಷ ಅದನ್ನು ಮುಂದುವರಿಸದೆ ಬಂದಳು. ಅಷ್ಟರಲ್ಲಿ ಇಲ್ಯಾಸ್ ಉಪ್ಪಿನಂಗಡಿಯಲ್ಲಿ ಫ್ರಿಜ್ಜು ರಿಪೇರಿಯ ಚಿಕ್ಕ ಅಂಗಡಿ ಹಾಕಿದ್ದ. ಏಣಿ ಹತ್ತುವ ಕೆಲಸ ಬಿಟ್ಟಿದ್ದ. ನಟ್ಟು ಬಿಗಿಯುವಾಗ ತೋರುಬೆರಳು ನೆಟ್ಟಗೆ ನಿಲ್ಲುತ್ತಿತ್ತು. ನೋಡಿದವರು, ಗಲ್ಫಿನಲ್ಲಿ ಏನಾಯ್ತು ಎಂದು ಕೇಳಿದರೆ "ಬಿದ್ದೆ" ಎನ್ನುತ್ತಿದ್ದ. ಅವಳು ಪುತ್ತೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಸೇರಿಕೊಂಡಳು. ಸಂಬಳ ಅಲ್ಲಿನದರ ಮುಂದೆ ಏನೂ ಅಲ್ಲ. ಮನೆಗೆ ಬರುವಾಗ ಸೊಂಟ ಮಾತ್ರ ಅಲ್ಲಿನಷ್ಟೇ ನೋಯುತ್ತಿತ್ತು.

ಒಂದು ದಿನ ಮಂಗಳೂರಿನ ಏಜೆಂಟನೊಬ್ಬ ಫೋನು ಮಾಡಿ, ಸೌದಿಯ ರಾಬಿಗ್‌ನಲ್ಲಿ ಅನುಭವಿ ನರ್ಸುಗಳು ಬೇಕು, ಗಂಡನನ್ನೂ ಕರೆಸಿಕೊಳ್ಳಬಹುದು ಎಂದ. ಡ್ಯೂಟಿ ಮುಗಿಸಿ ಗಂಡನ ಅಂಗಡಿಗೆ ಬಂದಿದ್ದ ಅವಳು ಫೋನು ಹಿಡಿದೇ ಒಳಗೆ ನೋಡಿದಳು. ಇಲ್ಯಾಸ್ ಯಾರದೋ ಫ್ರಿಜ್ಜಿನ ಹಿಂದೆ ಕುಕ್ಕರುಗಾಲಿನಲ್ಲಿ ಕೂತು, ಬಾಯಲ್ಲಿ ಟಾರ್ಚು ಕಚ್ಚಿಕೊಂಡಿದ್ದ.

"ಯಾರದ್ದು?" ಎಂದ, ಟಾರ್ಚು ತೆಗೆದು.

"ಏಜೆಂಟ್. ರಾಬಿಗ್‌ಗೆ ಕರೀತಾ ಇದ್ದಾನೆ."

"ಹೋಗುವ ಮನಸ್ಸುಂಟಾ?"

"ಗೊತ್ತಿಲ್ಲ" ಎಂದಳು ಜುವೈರಿಯಾ ಸ್ಟೂಲಿನ ಮೇಲೆ ಕೂರುತ್ತ. "ಇವತ್ತು ಕೇಳಬೇಡಿ. ಇವತ್ತು ತುಂಬ ಸಾಕಾಗಿದೆ."

ಇಲ್ಯಾಸ್ ಟೇಬಲ್ ಫ್ಯಾನನ್ನು ಅವಳ ಕಡೆ ತಿರುಗಿಸಿ ಮತ್ತೆ ಫ್ರಿಜ್ಜಿನ ಹಿಂದೆ ಬಗ್ಗಿದ.