ಕಳಿಯದ ಗೊಬ್ಬರ

ಇದನ್ನು ಹೇಳಬೇಕೆಂದು ಎಷ್ಟೋ ವರ್ಷಗಳಿಂದ ಅಂದುಕೊಳ್ಳುತ್ತಿದ್ದೇನೆ. ರಾಗಿ ಕೊಯ್ಲು ಮುಗಿಯಲಿ, ಮೊಮ್ಮಗಳ ಮದುವೆ ಆಗಲಿ ಎಂದು ಮುಂದಕ್ಕೆ ಹಾಕುತ್ತಲೇ ಬಂದೆ. ಇಂದು ಬೆಳಿಗ್ಗೆ ಸೊಸೆ ಹಿತ್ತಿಲ ಗೊಬ್ಬರದ ಗುಂಡಿ ತೆಗೆದಳು. ಸಗಣಿ, ಹಿಪ್ಪುನೇರಳೆ ಕಡ್ಡಿ, ರಾಗಿ ಕೂಳೆ, ರೇಷ್ಮೆಹುಳು ತಿಂದು ಬಿಟ್ಟ ಸೊಪ್ಪು ಎಲ್ಲವನ್ನೂ ಪದರಪದರವಾಗಿ ಹಾಕಿ, ಮೇಲೆ ಮಣ್ಣು ಮೆತ್ತಿ, ನಡುವೆ ಎರಡು ಸಲ ಮಗುಚಿ, ನಾಲ್ಕು ತಿಂಗಳು ಕಾದಿದ್ದಳು. ಒಂದು ಹಿಡಿ ತಂದು ನನ್ನ ಮೂಗಿಗೆ ಹಿಡಿದು, "ನೋಡಿ ಮಾವ, ಒಸೀನೂ ನಾತ ಇಲ್ಲ. ಕಾಡಿನ ಮಣ್ಣಿನಂಗೈತೆ" ಎಂದಳು. ಹೂಂ ಎಂದೆ. ನನ್ನ ಕಾಲದ ತಿಪ್ಪೆಯ ನಾತ ನನಗೆ ಮರೆತಿಲ್ಲ.

ಸಾತನೂರಿನ ಕಡೆ ನಮ್ಮದು ಮಳೆ ನಂಬಿದ ಹೊಲ, ಬೋರ್‌ವೆಲ್ ಆಸರೆಯಲ್ಲಿ ಮುಕ್ಕಾಲು ಎಕರೆ ಹಿಪ್ಪುನೇರಳೆ. ಎಸ್ಸೆಸ್ಸೆಲ್ಸಿ ಪಾಸಾದವನೆಂಬ ಬಿಂಕ ಬೇರೆ. ರೇಷ್ಮೆ ಕೃಷಿಯ ಕೈಪಿಡಿಯನ್ನು ಊರಿಗೆಲ್ಲ ಓದಿ ಹೇಳುತ್ತಿದ್ದೆ; ನಾನು ಮಾತ್ರ ನನಗೆ ಅನುಕೂಲವಾದಷ್ಟು ಮಾಡುತ್ತಿದ್ದೆ.

ಪಕ್ಕದ ಹೊಲ ಒಬ್ಬ ಹೆಣ್ಣುಮಗಳದು. ಗಂಡ ತೀರಿಕೊಂಡಿದ್ದ. ಮದುವೆ ಮನೆಯಲ್ಲಿ ಅವಳನ್ನು ಹಿಂದೆ ನಿಲ್ಲಿಸುತ್ತಿದ್ದ ಊರು, ರೇಷ್ಮೆ ಸಾಕುವ ಹುಳುಮನೆಗೆ ಮಾತ್ರ ಎಲ್ಲರಿಗಿಂತ ಮೊದಲು ಕರೆಯುತ್ತಿತ್ತು. ಮೊಟ್ಟೆಯೊಡೆದು ಇರುವೆಯಷ್ಟು ಹುಳು ಹೊರಬಂದ ದಿನ, ಮೊದಲ ಸೊಪ್ಪನ್ನು ಅವಳ ಕೈಯಿಂದಲೇ ಉದುರಿಸಬೇಕು. ಅವಳ ಕೈಗುಣ ಅಂಥದು ಎಂಬ ನಂಬಿಕೆ.

ಒಂದು ವರ್ಷ ನನ್ನ ಹುಳುವಿಗೆ ಸುಣ್ಣಕಟ್ಟು ಬಂತು. ಸತ್ತ ಹುಳು ಸೀಮೆಸುಣ್ಣದಂತೆ ಬೆಳ್ಳಗೆ ಬಿರುಸಾಗುವ ರೋಗ ಅದು. ಸತ್ತ ಹುಳುವನ್ನು ಸುಡಬೇಕು, ತಿಪ್ಪೆಗೆ ಹಾಕಿದರೆ ಗೊಬ್ಬರದ ಜೊತೆ ರೋಗವೂ ತೋಟಕ್ಕೆ ಹೋಗುತ್ತದೆ ಎಂದು ಊರಿಗೆ ಓದಿ ಹೇಳಿದವನೇ ನಾನು. ಆದರೆ ಸುಟ್ಟರೆ ಹೊಗೆ ಏಳುತ್ತದೆ, ಊರು ನಗುತ್ತದೆ. ತಿಪ್ಪೆಗೆ ಸುರಿದು ಮೇಲೆ ಸಗಣಿ ಎಳೆದೆ.

ತಿಂಗಳೂ ಕಳೆದಿರಲಿಲ್ಲ, ಅವಳು ಬಂದಳು.

"ಅಣ್ಣಾ, ಸೊಪ್ಪಿನ ತೋಟಕ್ಕೆ ಎರಡು ಗಾಡಿ ಗೊಬ್ಬರ ಕೊಡ್ತೀಯಾ? ನಮ್ಮ ಹುರುಳಿ ಹೊಟ್ಟು ನಿನ್ ದನಕ್ಕೆ ತಕ್ಕೊ."

ಇಲ್ಲವೆಂದರೆ ಕಾರಣ ಹೇಳಬೇಕಿತ್ತು. ಕೊಡುತ್ತೇನೆಂದೆ. ಅವಳು ಕೋಲಿನಿಂದ ತಿಪ್ಪೆ ಕೆದಕಿದಳು. "ಇನ್ನೂ ಕಡ್ಡಿ ಕಡ್ಡಿ ಕಾಣ್ತವಲ್ಲಣ್ಣ, ಕಳ್ತೈತಾ?"

"ಕಳ್ತೈತೆ ಕಣಮ್ಮ. ಪುಸ್ತಕ ಓದಿರೋನಿಗೆ ಗೊತ್ತಾಗಕಿಲ್ವಾ?"

"ಸರಿ ಬುಡು, ನಿನ್ ಗೊಬ್ಬರಾನೂ ಎಸ್ಸೆಸ್ಸೆಲ್ಸಿ ಪಾಸಾಗಿರ್ತದೆ" ಎಂದು ನಕ್ಕಳು.

ಎರಡು ಗಾಡಿ ಗೊಬ್ಬರ ಅವಳ ತೋಟಕ್ಕೆ ಹೋಯಿತು. ಮುಂದಿನ ಬೆಳೆಯಲ್ಲಿ ಅವಳ ಹುಳುವೆಲ್ಲ ಗೂಡು ಕಟ್ಟುವ ಮೊದಲೇ ಬೆಳ್ಳಗಾಗಿ ಸತ್ತವು. ಹಾಲಿನ ಡೈರಿಯ ಮುಂದೆ ಕ್ಯಾನು ಹಿಡಿದು ನಿಂತಿದ್ದವರಲ್ಲಿ ಒಬ್ಬ, "ಆವಮ್ಮನ ಕೈ ಕೆಟ್ಟೋಯ್ತು ಕಣ್ಲಾ, ಇನ್ ಕರೀಬ್ಯಾಡಿ" ಎಂದ. ಇನ್ನೊಬ್ಬ ನನ್ನತ್ತ ತಿರುಗಿದ. "ನೀನೇನಂತೀಯಪ್ಪಾ, ಓದಿರೋನು?"

"ಇರಬೌದು" ಎಂದೆ.

ಅಷ್ಟು ಸಾಕಾಯಿತು. ಆಮೇಲೆ ಯಾರೂ ಅವಳನ್ನು ಕರೆಯಲಿಲ್ಲ. ನಾನೂ ನನ್ನ ಹುಳುಮನೆಗೆ ಬೇರೆಯವರನ್ನು ಕರೆಸಿದೆ. ಅಂದು ಪಕ್ಕದ ಹೊಲದಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಅವಳು ತಲೆಯೆತ್ತಿ ನೋಡಿ, ಮತ್ತೆ ಬಗ್ಗಿದಳು. ಮುಂದಿನ ಮಳೆಗೆ ಸೊಪ್ಪಿನ ತೋಟ ಕೀಳಿಸಿ ರಾಗಿ ಬಿತ್ತಿದಳು.

ಇವತ್ತು ಸೊಸೆಗೆ ಇದನ್ನೆಲ್ಲ ಹೇಳಿಬಿಟ್ಟೆ. "ನಂಗ್ಯಾಕೆ ಏಳ್ತೀರಿ ಮಾವ? ಅವ್ರ ಮನೆ ಅಲ್ಲೇ ಐತಲ್ಲ" ಎಂದಳು.

ನಿಜ. ಹೋಗಿ ಕೈ ಮುಗಿದರೆ ಅವಳು "ಬುಡಣ್ಣ, ಯಾವ್ ಕಾಲದ್ದು" ಎಂದುಬಿಡುತ್ತಾಳೆ, ನಾನು ಹಗುರಾಗಿ ಮನೆಗೆ ಬರುತ್ತೇನೆ. ಊರಿಗೆ ಮಾತ್ರ ಅವಳ ಕೈ ಕೆಟ್ಟದ್ದಾಗಿಯೇ ಉಳಿಯುತ್ತದೆ. ಅಂದು ನಾನು ಮಾತಾಡಿದ್ದು ಹತ್ತು ಜನರೆದುರು. ಅದಕ್ಕೇ ಹತ್ತು ಜನ ಓದಲೆಂದು ಮೊದಲು ಇಲ್ಲಿ ಬರೆದಿದ್ದೇನೆ. ಅವಳ ಹುಳುವಿಗೆ ಆ ರೋಗ ತಗುಲಿದ್ದು ನನ್ನ ತಿಪ್ಪೆಯಿಂದ. ಅವಳ ಕೈಯಲ್ಲಿ ಯಾವ ದೋಷವೂ ಇರಲಿಲ್ಲ. ಅವಳ ಹೆಸರು ಹೊಂಬಾಳಮ್ಮ.